ಮಾಲೀಕನ ಮಾತು ಹೊಲಸಾದರೆ ಅಂಗಡಿಗೆ ಬೀಗ ಯಾಕೆ?

ಸಂಪಾದಕರೇ,

ಕಳೆದ ವಾರ ನಿಮ್ಮ ಓದುಗರ ಪುಟದಲ್ಲಿ ಒಬ್ಬರ ಪತ್ರ ಓದಿದೆ. ಸಮಾಜದ ಯಾವುದೋ ಒಂದು ಗುಂಪಿನ ಬಗ್ಗೆ ಕೀಳಾಗಿ ಮಾತಾಡುವ ಉದ್ಯಮಿಗಳ ಲೈಸೆನ್ಸನ್ನೇ ಸರ್ಕಾರ ಕಿತ್ತುಕೊಳ್ಳಬೇಕು, ಆಗಲೇ ಇಂಥವರಿಗೆ ಬುದ್ಧಿ ಬರುವುದು ಅಂತ ಅವರ ವಾದ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ನನಗೂ ಅದೇ ಸಿಟ್ಟಿದೆ. ನಿಜ ಹೇಳಬೇಕೆಂದರೆ ಹತ್ತು ಹನ್ನೆರಡು ವರ್ಷದ ಹಿಂದೆ ಯಾರಾದರೂ ಕೇಳಿದ್ದರೆ ನಾನೂ ಅಂಥದ್ದೇ ಪತ್ರ ಬರೆಯುತ್ತಿದ್ದೆ. ಈಗ ಬರೆಯುವುದಿಲ್ಲ. ಯಾಕೆ ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ಕತ್ತರಿ ನಿಮ್ಮ ಕೈಯಲ್ಲಿದೆ.

ಈ ವಿಷಯ ನನ್ನ ತಲೆಗೆ ಹೊಕ್ಕಿದ್ದು 2012ರಲ್ಲಿ. ಅಮೆರಿಕದಲ್ಲಿ ಚಿಕ್-ಫಿಲ್-ಎ ಅಂತ ಒಂದು ದೊಡ್ಡ ಹೋಟೆಲ್ ಸರಣಿ ಇದೆ. ಜಾರ್ಜಿಯಾ ರಾಜ್ಯದ ಅಟ್ಲಾಂಟಾದ ಕಡೆಯವರದು. ದೈವಭಕ್ತ ಕುಟುಂಬ, ಭಾನುವಾರ ವ್ಯಾಪಾರವನ್ನೇ ಮಾಡುವುದಿಲ್ಲ. ಆ ವರ್ಷ ಅದರ ಮುಖ್ಯಸ್ಥ ಡ್ಯಾನ್ ಕ್ಯಾಥಿ ರೇಡಿಯೊದಲ್ಲಿ ಸಲಿಂಗ ವಿವಾಹದ ವಿರುದ್ಧ ಮಾತಾಡಿದರು. ಮದುವೆ ಅಂದರೆ ಏನು ಅಂತ ನಿನಗಿಂತ ನಮಗೇ ಚೆನ್ನಾಗಿ ಗೊತ್ತು ಅಂತ ದೇವರ ಮುಂದೆ ಮುಷ್ಟಿ ಆಡಿಸುತ್ತಿದ್ದೇವೆ, ದೇಶಕ್ಕೆ ದೇವರ ಶಿಕ್ಷೆ ಕರೆದುಕೊಳ್ಳುತ್ತಿದ್ದೇವೆ ಅನ್ನುವ ಧಾಟಿಯ ಮಾತು. ಕಂಪನಿಯ ಕಡೆಯ ದುಡ್ಡು ಅಂಥ ಮದುವೆಗಳನ್ನು ವಿರೋಧಿಸುವ ಸಂಘಗಳಿಗೆ ಹೋಗುತ್ತದೆ ಅನ್ನುವುದೂ ಸುದ್ದಿಯಾಯಿತು. ತಮ್ಮ ಪಾಡಿಗೆ ತಾವು ಪ್ರೀತಿಸಿ ಬದುಕುವ ಜನರನ್ನು ದೇಶಕ್ಕೆ ಬಂದ ಶಾಪ ಅನ್ನುವಂತೆ ಮಾತಾಡುವುದು ನನಗೆ ಆಗಲೂ ಹಿಡಿಸಲಿಲ್ಲ, ಈಗಲೂ ಹಿಡಿಸುವುದಿಲ್ಲ.

ಆಗ ಬಾಸ್ಟನ್ ಮೇಯರ್ ಥಾಮಸ್ ಮೆನಿನೊ ಎದ್ದು ನಿಂತರು. ಈ ಕಂಪನಿ ತನ್ನ ನಿಲುವು ಬದಲಿಸದಿದ್ದರೆ ನಮ್ಮ ಊರಿನಲ್ಲಿ ಲೈಸೆನ್ಸ್ ಸಿಗುವುದು ಬಹಳ ಕಷ್ಟ ಅಂದರು. ಕಂಪನಿಗೆ ಪತ್ರವನ್ನೂ ಬರೆದರು. ಷಿಕಾಗೊದಲ್ಲಿ ಜೋ ಮೊರೆನೊ ಅನ್ನುವ ಕೌನ್ಸಿಲ್ ಸದಸ್ಯರು ನನ್ನ ವಾರ್ಡಿನಲ್ಲಿ ಇವರಿಗೆ ಅನುಮತಿ ಸಿಗದಂತೆ ತಡೆಯುತ್ತೇನೆ ಅಂದರು. ಅಲ್ಲಿ ವಾರ್ಡಿನ ಸದಸ್ಯ ಬೇಡ ಅಂದರೆ ಫೈಲು ಮುಂದೆ ಹೋಗುವುದೇ ಕಷ್ಟವಂತೆ. ಮೇಯರ್ ರಾಹ್ಮ್ ಎಮ್ಯಾನುಯೆಲ್ ಕೂಡ ದನಿಗೂಡಿಸಿ, ಆ ಕಂಪನಿಯ ಮೌಲ್ಯಗಳು ಷಿಕಾಗೊದ ಮೌಲ್ಯಗಳಲ್ಲ ಅಂದರು. ಸುದ್ದಿ ಓದಿ ನಾನು ಇಲ್ಲಿ ಕೂತು ಚಪ್ಪಾಳೆ ಹೊಡೆದೆ. ಒಳ್ಳೆಯವರ ಕೈಯಲ್ಲಿ ಅಧಿಕಾರ ಇದ್ದರೆ ಹೀಗಿರಬೇಕು ಅನ್ನಿಸಿತು.

ಆಮೇಲೆ ಒಂದು ವಿಷಯ ಮುಳ್ಳಿನ ಹಾಗೆ ಚುಚ್ಚಲು ಶುರುವಾಯಿತು. ಷಿಕಾಗೊ ಇರುವುದು ಇಲಿನಾಯ್ ರಾಜ್ಯದಲ್ಲಿ. ಆ ರಾಜ್ಯದ ಕಾನೂನೇ 2012ರಲ್ಲಿ ಸಲಿಂಗ ವಿವಾಹಕ್ಕೆ ಒಪ್ಪಿಗೆ ಕೊಟ್ಟಿರಲಿಲ್ಲ! ಶಾಸನ ಬಂದದ್ದು 2013ರ ನವೆಂಬರಿನಲ್ಲಿ. ಇನ್ನೂ ತಮಾಷೆ ಕೇಳಿ. ಅಧ್ಯಕ್ಷ ಒಬಾಮಾ ಅವರೇ ಸಲಿಂಗ ವಿವಾಹಕ್ಕೆ ಬೆಂಬಲ ಇದೆ ಅಂತ ಬಹಿರಂಗವಾಗಿ ಹೇಳಿದ್ದು 2012ರ ಮೇ ತಿಂಗಳಲ್ಲಿ, ಅಂದರೆ ಈ ಗಲಾಟೆಗೆ ಸುಮಾರು ಎರಡು ತಿಂಗಳ ಹಿಂದೆ. 2008ರ ಚುನಾವಣೆಯಲ್ಲಿ ಅವರು ಹೇಳಿದ್ದು ಮದುವೆ ಅಂದರೆ ಗಂಡು ಹೆಣ್ಣಿನ ನಡುವಿನದು ಅಂತಲೇ. ಆ ಒಬಾಮಾ ಅವರ ಕಚೇರಿಯ ಮುಖ್ಯಸ್ಥರಾಗಿ 2009ರಿಂದ 2010ರವರೆಗೆ ಕೆಲಸ ಮಾಡಿದವರು ಯಾರು? ಇದೇ ರಾಹ್ಮ್ ಎಮ್ಯಾನುಯೆಲ್. ದೇಶದ ಅಧ್ಯಕ್ಷರು ಇತ್ತೀಚಿನವರೆಗೆ ಹೇಳುತ್ತಿದ್ದ ನಿಲುವನ್ನು, ಆ ರಾಜ್ಯದ ಕಾನೂನು ಇನ್ನೂ ಹಿಡಿದುಕೊಂಡಿದ್ದ ನಿಲುವನ್ನು, ಒಬ್ಬ ಹೋಟೆಲ್ ಮಾಲೀಕ ಹೇಳಿದ ಅಂತ ಅವನ ವ್ಯಾಪಾರಕ್ಕೆ ಅಡ್ಡಗಾಲು ಹಾಕುವುದಾದರೆ, ಸರಿಯಾದ ಅಭಿಪ್ರಾಯ ಯಾವುದು ಅಂತ ತೀರ್ಮಾನಿಸುವ ಗಡಿಯಾರ ಯಾರ ಕೈಯಲ್ಲಿದೆ? ಎರಡು ತಿಂಗಳ ಹಿಂದಷ್ಟೇ ಮನಸ್ಸು ಬದಲಿಸಿದವನಿಗೂ ಬದಲಿಸದವನಿಗೂ ನಡುವಿನ ಗೆರೆಯನ್ನು ಲೈಸೆನ್ಸ್ ಕೊಡುವ ಗುಮಾಸ್ತ ಎಳೆಯಬೇಕಾ?

ನನ್ನ ಪಾಡಿಗೆ ನಾನು ಹೀಗೆ ಗೊಂದಲದಲ್ಲಿ ಇರುವಾಗ, ಅಲ್ಲಿನ ನಾಗರಿಕ ಹಕ್ಕುಗಳ ಸಂಘಟನೆ ಎಸಿಎಲ್‌ಯುವಿನ ಇಲಿನಾಯ್ ಶಾಖೆ ಇದು ತಪ್ಪು ಅಂತ ಹೇಳಿತು. ಗಮನಿಸಿ, ಈ ಸಂಘಟನೆ ಸಲಿಂಗ ವಿವಾಹದ ಪರವಾಗಿ ಕೋರ್ಟಿನಲ್ಲಿ ಹೋರಾಡುತ್ತಿದ್ದದ್ದು. ನ್ಯೂಯಾರ್ಕ್ ಮೇಯರ್ ಮೈಕೆಲ್ ಬ್ಲೂಮ್‌ಬರ್ಗ್ ಕೂಡ ಸಲಿಂಗ ವಿವಾಹದ ಬೆಂಬಲಿಗರೇ. ಅವರೂ ಇದು ಸರ್ಕಾರದ ಕೆಲಸ ಅಲ್ಲ ಅಂದರು. ಮೆನಿನೊ ಕೊನೆಗೆ ನಾನು ತಡೆಯಲು ಬರುವುದಿಲ್ಲ ಅಂತ ಒಪ್ಪಿಕೊಂಡರು. ಮೊರೆನೊ ಅವರ ಮಾತಿನಲ್ಲಿ ಟ್ರಾಫಿಕ್ ಸಮಸ್ಯೆಯೂ ಕಾಣಿಸಿಕೊಂಡಿತು. ಈ ಟ್ರಾಫಿಕ್ ಇದೆಯಲ್ಲ, ಅದರ ಮೇಲೆ ಕಣ್ಣಿಡಿ. ನಿನ್ನ ಅಭಿಪ್ರಾಯ ಸರಿಯಿಲ್ಲ ಅಂತ ಬರೆದು ಯಾವ ಕಚೇರಿಯೂ ಅರ್ಜಿ ವಾಪಸ್ ಕಳಿಸುವುದಿಲ್ಲ. ಪಾರ್ಕಿಂಗ್ ಜಾಗ ಸಾಲದು, ಬಾಗಿಲಿನ ಅಗಲ ಕಡಿಮೆ, ನಕ್ಷೆಯಲ್ಲಿ ಒಂದು ಸಹಿ ಬಿಟ್ಟುಹೋಗಿದೆ ಅಂತಲೇ ಬರುವುದು.

ಇನ್ನು ಬೆದರಿಕೆಯ ಫಲ ಏನಾಯಿತು? ಆಗಸ್ಟ್ 1ರಂದು ಬೆಂಬಲಿಗರು ಆ ಹೋಟೆಲುಗಳ ಮುಂದೆ ಉದ್ದುದ್ದ ಸಾಲು ನಿಂತರು, ಕಂಪನಿಗೆ ದಾಖಲೆ ವ್ಯಾಪಾರ. ಎರಡು ದಿನದ ನಂತರ ಸಲಿಂಗ ಜೋಡಿಗಳು ಅದೇ ಹೋಟೆಲುಗಳ ಮುಂದೆ ಮುತ್ತು ಕೊಟ್ಟುಕೊಂಡು ಪ್ರತಿಭಟನೆ ಮಾಡಿದರು. ನನಗೆ ಎರಡೂ ಸರಿ ಅನ್ನಿಸುತ್ತದೆ. ಜನ ಜನರ ಜೊತೆ ಗುದ್ದಾಡಲಿ. ಅವನ ಮಾತು ಹಿಡಿಸಿದವನು ಸಾಲಿನಲ್ಲಿ ನಿಲ್ಲಲಿ, ಹಿಡಿಸದವನು ಕೂಗಲಿ. ಮೇಯರ್ ಕೈಯಲ್ಲಿ ಇರುವ ಮೊಹರು ಮಾತ್ರ ಈ ಜಗಳದ ನಡುವೆ ಬರಬಾರದಿತ್ತು.

ಲೈಸೆನ್ಸ್ ಕೊಡುವ ಕಿಟಕಿಯಲ್ಲಿ ಏನು ಕೇಳುತ್ತಾರೆ ಅಂತ ಯೋಚಿಸಿ. ಅಡುಗೆಮನೆ ಚೊಕ್ಕಟವಾಗಿದೆಯಾ, ಬೆಂಕಿ ಬಿದ್ದರೆ ಹೊರಗೆ ಓಡಲು ದಾರಿ ಇದೆಯಾ, ತೆರಿಗೆ ಕಟ್ಟಿದ್ದೀಯಾ, ಕೆಲಸದವರಿಗೆ ಸಂಬಳ ಸರಿಯಾಗಿ ಕೊಡುತ್ತೀಯಾ. ಇವೆಲ್ಲ ವ್ಯಾಪಾರಕ್ಕೆ ಸಂಬಂಧಪಟ್ಟ ಪ್ರಶ್ನೆಗಳು. ಉತ್ತರವನ್ನು ಅಳೆಯಬಹುದು, ತಪ್ಪಿದ್ದರೆ ಸರಿಪಡಿಸಿಕೊಂಡು ಬಾ ಅನ್ನಬಹುದು. ನೀನು ಮನಸ್ಸಿನಲ್ಲಿ ಏನು ನಂಬಿದ್ದೀಯಾ ಅಂತ ಕೇಳಿದರೆ ಅಳತೆಯೇ ಇಲ್ಲ. ಸರಿಪಡಿಸಿಕೊಂಡು ಬರುವುದು ಅಂದರೆ ಅಲ್ಲಿ ಸುಳ್ಳು ಹೇಳಿಕೊಂಡು ಬರುವುದು ಅಂತಲೇ ಅರ್ಥ. ಜೊತೆಗೆ ಒಂದು ಅಂಗಡಿ ಅಂದರೆ ಬರೀ ಮಾಲೀಕ ಅಲ್ಲವಲ್ಲ. ಅಲ್ಲಿ ನೆಲ ಒರೆಸುವವರಿದ್ದಾರೆ, ಲೆಕ್ಕ ಬರೆಯುವವರಿದ್ದಾರೆ, ಸಾಮಾನು ತಂದು ಹಾಕುವವರಿದ್ದಾರೆ. ಮಾಲೀಕ ಯಾರನ್ನು ಹೀಯಾಳಿಸಿದನೋ ಆ ಗುಂಪಿನವರೇ ಅಲ್ಲಿ ಕೆಲಸಕ್ಕಿದ್ದರೂ ಇರಬಹುದು. ಬೀಗ ಬಿದ್ದರೆ ಮಾಲೀಕ ಬೇರೆ ಊರಿನಲ್ಲಿ ಇನ್ನೊಂದು ಅಂಗಡಿ ತೆಗೆಯುತ್ತಾನೆ, ಕೆಲಸದವರು ಮನೆಗೆ ಹೋಗುತ್ತಾರೆ. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಅಂದ ಹಾಗಾಯಿತು, ಅಲ್ವಾ?

ದೊಡ್ಡ ಕಂಪನಿಗಳ ಚಿಂತೆ ನಮಗ್ಯಾಕೆ, ಅವರಿಗೆ ವಕೀಲರಿದ್ದಾರೆ ಅಂತ ಕೆಲವರು ಅನ್ನಬಹುದು. ಸರಿ, ದೊಡ್ಡವರನ್ನು ಬಿಡೋಣ. ಷಿಕಾಗೊದ ಪಕ್ಕದಲ್ಲೇ ನಾರ್ತ್‌ಲೇಕ್ ಅನ್ನುವ ಸಣ್ಣ ಊರಿದೆ. ಕೆಟ್ಟು ನಿಂತ ಗಾಡಿಗಳನ್ನು ಎಳೆದುಕೊಂಡು ಹೋಗಲು ಆ ಊರಿನ ಆಡಳಿತ ಕೆಲವು ಟ್ರಕ್ ಕಂಪನಿಗಳ ಪಟ್ಟಿ ಇಟ್ಟುಕೊಂಡು, ಸರದಿಯಂತೆ ಕರೆಯುತ್ತಿತ್ತು. ಒಂದು ಕಂಪನಿ ಬಹಳ ವರ್ಷದಿಂದ ಆ ಪಟ್ಟಿಯಲ್ಲಿತ್ತು. ಚುನಾವಣೆ ಬಂತು. ಮೇಯರ್ ಕಡೆಯವರು ಚಂದಾ ಕೇಳಿದರು, ಮಾಲೀಕ ಕೊಡಲಿಲ್ಲ. ಬದಲಿಗೆ ಎದುರಾಳಿಯ ಪೋಸ್ಟರನ್ನು ತನ್ನ ಜಾಗದಲ್ಲಿ ಅಂಟಿಸಿದ. ಕಂಪನಿಯ ಹೆಸರು ಪಟ್ಟಿಯಿಂದ ಮಾಯವಾಯಿತು. ಅಷ್ಟೇ ಕಥೆ. ಅವನು ಕೋರ್ಟಿಗೆ ಹೋದ. ಅದೇ ಹೊತ್ತಿಗೆ ಕ್ಯಾನ್ಸಸ್ ರಾಜ್ಯದ ಒಂದು ಕೌಂಟಿಯಲ್ಲಿ, ಅಂದರೆ ನಮ್ಮ ಜಿಲ್ಲೆಯಂಥದ್ದರಲ್ಲಿ, ಕಸ ಸಾಗಿಸುವ ಗುತ್ತಿಗೆದಾರನದ್ದು ಇಂಥದ್ದೇ ಪಾಡು. ಅವನು ಸಭೆಗಳಲ್ಲಿ ಎದ್ದು ಆಡಳಿತವನ್ನು ಟೀಕಿಸುತ್ತಿದ್ದ. ಸ್ಥಳೀಯ ಪತ್ರಿಕೆಗೆ ಪತ್ರ ಬರೆಯುತ್ತಿದ್ದ, ನನ್ನ ಹಾಗೆ! ಗುತ್ತಿಗೆ ಹೋಯಿತು. ಆ ಪತ್ರಗಳನ್ನು ಅಚ್ಚು ಹಾಕಿದ ಪತ್ರಿಕೆಯನ್ನೂ ಆಡಳಿತದವರು ಹೆದರಿಸಿದ್ದರು ಅನ್ನುವ ಆರೋಪ ಬೇರೆ. ಸಂಪಾದಕರೇ, ಇದು ನಿಮಗೂ ಸಂಬಂಧಪಟ್ಟದ್ದು. 1996ರಲ್ಲಿ ಒಂದೇ ದಿನ ಎರಡೂ ಕೇಸುಗಳ ತೀರ್ಪು ಬಂತು. ಸರ್ಕಾರಕ್ಕೆ ಕೆಲಸ ಮಾಡಿಕೊಡುವ ಹೊರಗಿನ ಗುತ್ತಿಗೆದಾರನಿಗೂ ಮಾತಿನ ಸ್ವಾತಂತ್ರ್ಯ ಇದೆ, ಅವನ ರಾಜಕೀಯ ನಿಲುವಿಗಾಗಿ ಅವನ ಹೊಟ್ಟೆಯ ಮೇಲೆ ಹೊಡೆಯುವಂತಿಲ್ಲ ಅನ್ನುವುದು ಅಮೆರಿಕದ ಸುಪ್ರೀಂ ಕೋರ್ಟಿನ ತೀರ್ಪಿನ ತಿರುಳು.

ಅವರಿಬ್ಬರೂ ಯಾರನ್ನೂ ಹೀನಾಯವಾಗಿ ಬೈದವರಲ್ಲ, ಅವರಿಗೂ ದ್ವೇಷ ಕಾರುವ ಮಾಲೀಕನಿಗೂ ಹೋಲಿಕೆ ಏನು ಅಂತ ನೀವು ಕೇಳಬಹುದು. ಆದರೆ ಕುರ್ಚಿಯಲ್ಲಿ ಕೂತವನಿಗೆ ಈ ವ್ಯತ್ಯಾಸ ಕಾಣಿಸುವುದಿಲ್ಲ. ತನ್ನನ್ನು ಬೈದವನ ಮಾತೇ ಅವನಿಗೆ ಎಲ್ಲಕ್ಕಿಂತ ಹೊಲಸಾದ ಮಾತು.

ಈ ವಿಚಾರದಲ್ಲಿ ನನ್ನ ಮನಸ್ಸನ್ನು ಪೂರ್ತಿ ಬದಲಿಸಿದ್ದು ಇನ್ನೂ ಹಳೆಯ ಒಂದು ಕೇಸು. 1956ರ ಅಲಬಾಮ. ಕರಿಯ ಜನರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಎನ್‌ಎಎಸಿಪಿ ಸಂಘಟನೆ ಅಲ್ಲಿ 1918ರಿಂದ ಕೆಲಸ ಮಾಡುತ್ತಿತ್ತು. ಬಿಳಿಯರ ಕೈಯಲ್ಲಿದ್ದ ಆ ರಾಜ್ಯದ ಆಡಳಿತಕ್ಕೆ ಅದು ಕಣ್ಣಿನ ಕಸ. ನಿಮ್ಮ ಅಭಿಪ್ರಾಯ ನಮಗಿಷ್ಟ ಇಲ್ಲ, ಹೊರಡಿ ಅಂತ ನೇರವಾಗಿ ಹೇಳಲಿಲ್ಲ. ರಾಜ್ಯದ ಮುಖ್ಯ ಕಾನೂನು ಅಧಿಕಾರಿ, ಅಟಾರ್ನಿ ಜನರಲ್ ಜಾನ್ ಪ್ಯಾಟರ್‌ಸನ್ ಕೋರ್ಟಿಗೆ ಹೋಗಿ, ಇದು ಹೊರರಾಜ್ಯದ ಸಂಸ್ಥೆ, ಇಲ್ಲಿ ವ್ಯವಹಾರ ನಡೆಸಲು ಮಾಡಿಸಬೇಕಾದ ನೋಂದಣಿ ಮಾಡಿಸಿಲ್ಲ ಅಂದರು. ನೋಡಿ, ಕಂಪನಿಗಳಿಗೆ ಅಂತ ಇದ್ದ ನಿಯಮ! ಕೋರ್ಟು ತಡೆ ಕೊಟ್ಟಿತು. ಆಮೇಲೆ ಸದಸ್ಯರ ಹೆಸರಿನ ಪಟ್ಟಿ ಕೊಡಿ ಅಂದರು. ಆ ಕಾಲದ ಅಲಬಾಮದಲ್ಲಿ ಆ ಪಟ್ಟಿ ಹೊರಬಿದ್ದರೆ ಸದಸ್ಯರ ಕೆಲಸ ಹೋಗುತ್ತಿತ್ತು, ಮನೆಗೆ ಕಲ್ಲು ಬೀಳುತ್ತಿತ್ತು, ಜೀವಕ್ಕೇ ಅಪಾಯ. ಸಂಘಟನೆ ಕೊಡಲಿಲ್ಲ. ಮೊದಲು 10,000 ಡಾಲರ್ ದಂಡ, ಆಮೇಲೆ 1,00,000 ಡಾಲರ್. 1958ರಲ್ಲಿ ಸುಪ್ರೀಂ ಕೋರ್ಟು ಒಮ್ಮತದಿಂದ ಸಂಘಟನೆಯ ಪರ ತೀರ್ಪು ಕೊಟ್ಟಿತು. ಆದರೂ ಅಲಬಾಮದವರು ಎಳೆದೂ ಎಳೆದೂ, ಎನ್‌ಎಎಸಿಪಿ ಅಲ್ಲಿ ಮತ್ತೆ ಕೆಲಸ ಶುರು ಮಾಡಲು 1964 ಬರಬೇಕಾಯಿತು. ಒಟ್ಟು ಎಂಟು ವರ್ಷ. ಕೇಸು ಗೆದ್ದ ಮೇಲೂ ಆರು ವರ್ಷ. ಪ್ಯಾಟರ್‌ಸನ್ ಸಾಹೇಬರು ಅಷ್ಟರೊಳಗೆ ಗವರ್ನರ್ ಆಗಿ (ಅಲ್ಲಿ ಗವರ್ನರ್ ಅಂದರೆ ನಮ್ಮ ಮುಖ್ಯಮಂತ್ರಿಯಂತೆ ಗೆದ್ದು ಬಂದು ರಾಜ್ಯ ಆಳುವವರು), ಆ ಅವಧಿಯನ್ನೂ ಮುಗಿಸಿದ್ದರು.

ಅಲಬಾಮದ ಆಡಳಿತಕ್ಕೆ ಕರಿಯರೂ ಬಿಳಿಯರೂ ಸಮಾನ ಅನ್ನುವುದೇ ಅಸಹ್ಯದ ಮಾತಾಗಿತ್ತು. ತಮ್ಮ ರಾಜ್ಯದ ಮೌಲ್ಯಕ್ಕೆ ಅದು ವಿರುದ್ಧ ಅಂತ ಅವರು ಪ್ರಾಮಾಣಿಕವಾಗಿಯೇ ನಂಬಿದ್ದರು. ಇದನ್ನು ಓದಿದ ಮೇಲೆ, ಇದು ಷಿಕಾಗೊದ ಮೌಲ್ಯವಲ್ಲ ಅನ್ನುವ ಮಾತು ನನ್ನ ಕಿವಿಗೆ ಮೊದಲಿನ ಹಾಗೆ ಕೇಳಿಸಲಿಲ್ಲ. ಎಮ್ಯಾನುಯೆಲ್ ಅವರನ್ನು ಪ್ಯಾಟರ್‌ಸನ್ ಜೊತೆ ತೂಗುತ್ತಿಲ್ಲ. ಇಬ್ಬರ ಉದ್ದೇಶಕ್ಕೂ ಅಜಗಜಾಂತರ. ಆದರೆ ಕೋಲು ಅದೇ.

ಕೋಲು ಕೈ ಬದಲಿಸುವುದನ್ನು ನೋಡಲು ಅಷ್ಟು ಹಿಂದೆ ಹೋಗಬೇಕಾಗಿಯೂ ಇಲ್ಲ. 2022ರಲ್ಲಿ ಫ್ಲಾರಿಡಾದಲ್ಲಿ ಸಣ್ಣ ತರಗತಿಗಳಲ್ಲಿ ಲೈಂಗಿಕ ಒಲವು, ಲಿಂಗ ಗುರುತಿನ ಕುರಿತ ಪಾಠಗಳಿಗೆ ಕಡಿವಾಣ ಹಾಕುವ ಕಾನೂನು ಬಂತು. ಡಿಸ್ನಿ ಕಂಪನಿ ಮೊದಲು ಸುಮ್ಮನಿತ್ತು, ನೌಕರರು ಕೂಗಾಡಿದ ಮೇಲೆ ವಿರೋಧಿಸಿತು. ಗವರ್ನರ್ ರಾನ್ ಡಿಸ್ಯಾಂಟಿಸ್ ಸಿಟ್ಟಾದರು. 1967ರಿಂದ ಡಿಸ್ನಿಗೆ ಇದ್ದ ವಿಶೇಷ ಆಡಳಿತ ಪ್ರದೇಶದ ವ್ಯವಸ್ಥೆಯನ್ನು ಕೆಲವೇ ವಾರಗಳಲ್ಲಿ ರದ್ದು ಮಾಡುವ ಕಾನೂನು ಪಾಸಾಯಿತು. ಆಮೇಲೆ ಅದರ ಮಂಡಳಿಗೆ ಗವರ್ನರ್ ಆರಿಸಿದವರೇ ಬಂದು ಕೂತರು. ಅಂಥ ಸವಲತ್ತು ಒಂದು ಕಂಪನಿಗೆ ಇರಬೇಕಿತ್ತಾ ಅನ್ನುವುದು ಬೇರೆ ಮಾತು, ನನ್ನನ್ನು ಕೇಳಿದರೆ ಬೇಡವಾಗಿತ್ತು. ಆದರೆ 55 ವರ್ಷ ಯಾರಿಗೂ ಅವಸರ ಕಾಣದ್ದು, ಕಂಪನಿ ಬಾಯಿ ಬಿಟ್ಟ ಕೂಡಲೇ ಕಂಡಿತಲ್ಲ! 2012ರಲ್ಲಿ ಮೆನಿನೊಗೆ ಚಪ್ಪಾಳೆ ಹೊಡೆದ ನನ್ನಂಥವರು 2022ರಲ್ಲಿ ಡಿಸ್ಯಾಂಟಿಸ್ ಬಗ್ಗೆ ಹೌಹಾರಿದೆವು. ಮೆನಿನೊಗೆ ಉಗಿದವರು ಡಿಸ್ಯಾಂಟಿಸ್‌ಗೆ ಜೈ ಅಂದರು. ಎರಡೂ ಕಡೆಯವರನ್ನು ಒಂದೇ ಕೋಣೆಯಲ್ಲಿ ಕೂರಿಸಿ, ಒಬ್ಬರ ಹಳೆಯ ಮಾತನ್ನು ಇನ್ನೊಬ್ಬರ ಕೈಯಲ್ಲಿ ಓದಿಸಬೇಕಿತ್ತು.

ಇಷ್ಟಾದರೂ, ವ್ಯಾಪಾರಿ ಏನು ಬೇಕಾದರೂ ಮಾಡಬಹುದು ಅಂತ ನಾನು ಹೇಳುತ್ತಿಲ್ಲ. ಮಾತು ಬೇರೆ, ಮಾಡುವುದು ಬೇರೆ. ಇದೇ ಅಟ್ಲಾಂಟಾದಲ್ಲಿ 1964ರಲ್ಲಿ ಲೆಸ್ಟರ್ ಮ್ಯಾಡಕ್ಸ್ ಅನ್ನುವವನ ಪಿಕ್‌ರಿಕ್ ಹೋಟೆಲ್ ಇತ್ತು. ಕರಿಯರಿಗೆ ಪ್ರವೇಶ ಇಲ್ಲ. ಜುಲೈ 2ರಂದು ನಾಗರಿಕ ಹಕ್ಕುಗಳ ಕಾಯ್ದೆಗೆ ಸಹಿ ಬಿತ್ತು. ಮರುದಿನ ಮೂವರು ಕರಿಯ ವಿದ್ಯಾರ್ಥಿಗಳು ಊಟಕ್ಕೆ ಬಂದರು. ಮ್ಯಾಡಕ್ಸ್ ಪಿಸ್ತೂಲು ಹಿಡಿದು ಅಟ್ಟಿದ, ಅವನ ಕಡೆಯವರ ಕೈಯಲ್ಲಿ ಕೊಡಲಿಯ ಕಾವುಗಳು. ಕೋರ್ಟು ಬಗ್ಗಲಿಲ್ಲ, ಎಲ್ಲರಿಗೂ ಬಡಿಸಲೇಬೇಕು ಅಂದಿತು. ಅವನು ಬಡಿಸುವುದಕ್ಕಿಂತ ಮುಚ್ಚುವುದೇ ಮೇಲು ಅಂತ ಹೋಟೆಲ್ ಮುಚ್ಚಿದ. ಇಲ್ಲಿ ಸರ್ಕಾರ ಮಾಡಿದ್ದು ನೂರಕ್ಕೆ ನೂರು ಸರಿ. ಯಾಕೆಂದರೆ ಶಿಕ್ಷೆ ಆದದ್ದು ಬಾಗಿಲಲ್ಲಿ ಮನುಷ್ಯರನ್ನು ತಡೆದದ್ದಕ್ಕೆ. ಅವನ ತಲೆಯೊಳಗಿನ ಕೊಳೆಗೆ ಅಲ್ಲ. ಎಲ್ಲರಿಗೂ ಒಂದೇ ಥರ ಬಡಿಸಿ, ರಾತ್ರಿ ಮನೆಗೆ ಹೋಗಿ ಅದೇ ಹಳೆಯ ಮಾತು ಆಡಿಕೊಂಡಿದ್ದರೆ ಕಾಯ್ದೆ ಅವನ ತಂಟೆಗೆ ಹೋಗುತ್ತಿರಲಿಲ್ಲ.

ಆ ಮ್ಯಾಡಕ್ಸ್ ಮುಂದೆ ಏನಾದ ಗೊತ್ತಾ? 1967ರಲ್ಲಿ ಜಾರ್ಜಿಯಾದ ಗವರ್ನರ್. ಕೊಡಲಿಯ ಕಾವಿನಿಂದ ಹೆಸರಾದವನು ನೇರ ಗವರ್ನರ್ ಬಂಗಲೆಗೆ. ಅಭಿಪ್ರಾಯ ನೋಡಿ ಲೈಸೆನ್ಸ್ ಕೊಡುವ ಅಧಿಕಾರ ಸರ್ಕಾರಕ್ಕೆ ಇರಬೇಕು ಅನ್ನುವವರು, ಆ ಅಧಿಕಾರವನ್ನು 1967ರ ಜಾರ್ಜಿಯಾದಲ್ಲಿ ಒಂದು ಕ್ಷಣ ಇಟ್ಟು ನೋಡಲಿ.

ನನಗೆ ನಿಜವಾಗಿ ಕಷ್ಟ ಕೊಡುವ ಪ್ರಶ್ನೆ ಬೇರೆ ಇದೆ, ಅದನ್ನು ಮುಚ್ಚಿಡುವುದಿಲ್ಲ. ಇಂಥ ಜನ ಮನುಷ್ಯರೇ ಅಲ್ಲ ಅಂತ ಬಹಿರಂಗವಾಗಿ ಹೇಳುವ ಮಾಲೀಕ, ಅವರೇ ಕೆಲಸ ಕೇಳಿಕೊಂಡು ಬಂದಾಗ ನ್ಯಾಯವಾಗಿ ನೋಡುತ್ತಾನೆ ಅಂತ ನಂಬುವುದು ಹೇಗೆ? ಒಬ್ಬ ಗೆಳೆಯ ನನ್ನನ್ನು ಹೀಗೇ ಕೇಳಿದ. ನಾಯಿ ಗುರ್ ಅನ್ನುವಾಗಲೇ ಕಟ್ಟಿಹಾಕಬೇಕು, ಕಚ್ಚಿದ ಮೇಲೆ ಏನು ಪ್ರಯೋಜನ ಅಂದ. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಈಗಲೂ ಪೂರ್ತಿ ಉತ್ತರ ಇದೆ ಅಂತ ಹೇಳಲಾರೆ. ಆದರೆ ಇಷ್ಟು ಹೇಳಬಲ್ಲೆ. ಅಂಥವನ ಅಂಗಡಿಯ ಮೇಲೆ ದೂರು ಬಂದರೆ ಅವನ ಮಾತುಗಳು ಸಾಕ್ಷಿಯಾಗಿ ಬರಲಿ. ಕೆಲಸ ಯಾಕೆ ಕೊಡಲಿಲ್ಲ ಅಂತ ವಿಚಾರಣೆ ನಡೆಯುವಾಗ, ಹಿಂದಿನ ತಿಂಗಳು ನೀನು ಹೀಗೆ ಹೇಳಿದ್ದೆಯಲ್ಲ ಅಂತ ಅವನ ಮುಖಕ್ಕೆ ಹಿಡಿಯಲಿ. ದೂರು ಕೊಡುವುದು ಸುಲಭ ಆಗಲಿ, ತೀರ್ಮಾನ ವರ್ಷಗಟ್ಟಲೆ ಎಳೆಯದಿರಲಿ. ದೂರು ಕೊಟ್ಟವರ ಕೆಲಸ ಹೋಗದಿರಲಿ. ಸರ್ಕಾರಕ್ಕೆ ನಿಜವಾದ ಕಾಳಜಿ ಇದ್ದರೆ ಮಾಡಬೇಕಾದ ಕೆಲಸ ಇಲ್ಲೇ ರಾಶಿ ಬಿದ್ದಿದೆ. ಇದಕ್ಕೆ ಸಿಬ್ಬಂದಿ ಬೇಕು, ದುಡ್ಡು ಬೇಕು, ತಾಳ್ಮೆ ಬೇಕು. ಲೈಸೆನ್ಸ್ ಕೊಡುವುದಿಲ್ಲ ಅಂತ ಮೈಕಿನ ಮುಂದೆ ಹೇಳುವುದಕ್ಕೆ ಏನೂ ಬೇಡ. ಇನ್ನು ಅವನ ಮಾತೇ ಕಾನೂನಿನ ಪ್ರಕಾರ ಅಪರಾಧವಾಗಿದ್ದರೆ, ಹೊಡಿ ಬಡಿ ಅಂತ ಜನರನ್ನು ಎತ್ತಿಕಟ್ಟಿದ್ದರೆ, ಅವನ ಮೇಲೆ ಕೇಸು ಹಾಕಿ ಕೋರ್ಟಿಗೆ ಎಳೆಯಲಿ. ಬೇಡ ಅಂದವರು ಯಾರು? ಅಲ್ಲಿ ಅವನೂ ಉತ್ತರ ಕೊಡಬಹುದು, ನ್ಯಾಯಾಧೀಶರು ಇರುತ್ತಾರೆ, ಮೇಲ್ಮನವಿ ಇರುತ್ತದೆ. ಫೈಲು ತಡೆದು ಕೂತ ಅಧಿಕಾರಿಯ ಮೇಜಿನ ಮೇಲೆ ಇದು ಯಾವುದೂ ಇರುವುದಿಲ್ಲ.

ಹಾಗಾದರೆ ನಾವು ಸುಮ್ನೆ ಕೂರಬೇಕಾ? ಯಾಕೆ ಕೂರಬೇಕು? ದಕ್ಷಿಣ ಕೆರೊಲಿನಾದ ಪಿಗ್ಗಿ ಪಾರ್ಕ್ ಹೋಟೆಲುಗಳ ಕಥೆ ಕೇಳಿ. ಅಲ್ಲಿಯೂ ಕರಿಯರಿಗೆ ಬೇರೆ ಕಾಯಿದೆ. ಎಲ್ಲರಿಗೂ ಸಮನಾಗಿ ಸೇವೆ ಕೊಡುವುದು ನನ್ನ ಧರ್ಮಕ್ಕೆ ವಿರುದ್ಧ ಅಂತ ಮಾಲೀಕನ ವಾದ. 1968ರಲ್ಲಿ ಸುಪ್ರೀಂ ಕೋರ್ಟು ಅದರಲ್ಲಿ ಹುರುಳೇ ಇಲ್ಲ ಅಂದಿತು. ಅದು ನಡತೆಗೆ ಬಿದ್ದ ಪೆಟ್ಟು. ಮೂರು ದಶಕ ಕಳೆದು, 2000ನೇ ಇಸವಿಯಲ್ಲಿ ಅದೇ ಮನುಷ್ಯ ಗುಲಾಮಗಿರಿಯ ಕಾಲದ ಬಾವುಟವನ್ನು ತನ್ನ ಹೋಟೆಲುಗಳ ಮೇಲೆ ಹಾರಿಸಿದ. ಆಗ ಯಾವ ಸರ್ಕಾರವೂ ಬೀಗ ಹಾಕಲಿಲ್ಲ. ವಾಲ್‌ಮಾರ್ಟ್‌ನಂಥ ದೊಡ್ಡ ಅಂಗಡಿಗಳು ಅವನು ಮಾರುತ್ತಿದ್ದ ಸಾಸ್ ಬಾಟಲಿಗಳನ್ನು ಕಪಾಟಿನಿಂದ ತೆಗೆದವು. ವ್ಯಾಪಾರಕ್ಕೆ ಚೆನ್ನಾಗಿಯೇ ಬಿಸಿ ಮುಟ್ಟಿತು. ಯಾರೂ ಕಾನೂನು ಮುರಿಯಲಿಲ್ಲ, ಯಾವ ಗುಮಾಸ್ತನೂ ಯಾರ ಮನಸ್ಸನ್ನೂ ಪರೀಕ್ಷೆ ಮಾಡಲಿಲ್ಲ.

ಬಹಿಷ್ಕಾರ ಜನರ ಆಯುಧ. ಮಾಂಟ್‌ಗಮರಿಯ ಕರಿಯ ಜನ, ಬಸ್ಸಿನಲ್ಲಿ ಬಿಳಿಯರಿಗೆ ಬೇರೆ ಸೀಟು ಅನ್ನುವುದನ್ನು ವಿರೋಧಿಸಿ, 1955ರ ಡಿಸೆಂಬರಿನಿಂದ 381 ದಿನ ಬಸ್ಸು ಹತ್ತದೆ ನಡೆದರು. ಮಿಸಿಸಿಪ್ಪಿಯ ಪೋರ್ಟ್ ಗಿಬ್ಸನ್‌ನಲ್ಲಿ 1966ರಲ್ಲಿ ಕರಿಯರು ಬಿಳಿಯರ ಅಂಗಡಿಗಳಿಗೆ ಹೋಗುವುದನ್ನು ಬಿಟ್ಟರು. ಅಂಗಡಿಯವರು ನಷ್ಟ ತುಂಬಿಕೊಡಿ ಅಂತ ಕೇಸು ಹಾಕಿದರು. ರಾಜ್ಯದ ಕೋರ್ಟು ಅಂಗಡಿಯವರ ಪರ ನಿಂತಿತು. 1982ರಲ್ಲಿ ಸುಪ್ರೀಂ ಕೋರ್ಟು, ಶಾಂತಿಯಿಂದ ಮಾಡುವ ಇಂಥ ಬಹಿಷ್ಕಾರಕ್ಕೆ ಸಂವಿಧಾನದ ರಕ್ಷಣೆ ಇದೆ ಅಂದಿತು. ಬಹಿಷ್ಕಾರದಲ್ಲೂ ಅತಿರೇಕ ಇದೆ, ಪಾಪದವರ ಮೇಲೆ ಎಲ್ಲರೂ ಮುಗಿಬೀಳುವುದಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೂ ನಾನು ಒಂದು ಅಂಗಡಿಗೆ ಹೋಗದಿದ್ದರೆ ಪಕ್ಕದವನು ಹೋಗಬಹುದು. ಸರ್ಕಾರ ಬೀಗ ಹಾಕಿದರೆ ಯಾರೂ ಹೋಗುವಂತಿಲ್ಲ.

ಮೇಯರ್, ಮಂತ್ರಿಗಳು ಬಾಯಿ ಮುಚ್ಚಿಕೊಂಡಿರಬೇಕು ಅಂತಲೂ ನಾನು ಹೇಳುವುದಿಲ್ಲ. ಅವರೂ ಬೈಯಲಿ. ಈ ಮಾಲೀಕನ ಮಾತು ನಾಚಿಕೆಗೇಡು, ನಾನು ಅಲ್ಲಿಗೆ ಕಾಲಿಡುವುದಿಲ್ಲ ಅನ್ನಲಿ. ಬೈಗುಳ ಎಲ್ಲಿ ಬೆದರಿಕೆ ಆಗುತ್ತದೆ ಅನ್ನುವುದೇ ಸೂಕ್ಷ್ಮ. ರೋಡ್ ಐಲೆಂಡ್ ರಾಜ್ಯದಲ್ಲಿ ಯುವಜನರ ನೈತಿಕತೆ ಕಾಪಾಡಲು ಅಂತ ಒಂದು ಆಯೋಗ ಇತ್ತು. ಇಂಥಿಂಥ ಪುಸ್ತಕ ಆಕ್ಷೇಪಾರ್ಹ ಅಂತ ಮಾರಾಟಗಾರರಿಗೆ ಪತ್ರ ಬರೆಯುತ್ತಿತ್ತು, ನಿಮ್ಮ ಸಹಕಾರಕ್ಕೆ ಮೊದಲೇ ಧನ್ಯವಾದ ಅಂತ. ಸ್ವಲ್ಪ ದಿನ ಬಿಟ್ಟು ಪೊಲೀಸರು ಅಂಗಡಿಗೆ ಬಂದು, ಪತ್ರ ಬಂತಲ್ಲ, ಏನು ಮಾಡಿದ್ರಿ ಅಂತ ವಿಚಾರಿಸುತ್ತಿದ್ದರು. ಆಯೋಗಕ್ಕೆ ಯಾರನ್ನೂ ಹಿಡಿಯುವ ಅಧಿಕಾರ ಇರಲಿಲ್ಲ, ನಾವು ಬರೀ ಸಲಹೆ ಕೊಟ್ಟೆವು ಅಂತ ಅದರ ವಾದ. 1963ರಲ್ಲಿ ಸುಪ್ರೀಂ ಕೋರ್ಟು ಈ ನಾಟಕ ಒಪ್ಪಲಿಲ್ಲ. ಸರ್ಕಾರದ ಲೆಟರ್‌ಹೆಡ್ಡಿನಲ್ಲಿ ಬಂದ ಸಲಹೆ ಎಷ್ಟು ಸಲಹೆ ಅನ್ನುವುದು, ಅಂಥ ಒಂದು ಪತ್ರ ಕೈಗೆ ಬಂದವರಿಗೆ ಮಾತ್ರ ಗೊತ್ತು.

ಇದೇ ಸಾಲಿನ ತೀರಾ ಈಚಿನ ತೀರ್ಪು 2024ರ ಮೇ 30ರದ್ದು. ಬ್ಯಾಂಕು, ವಿಮಾ ಕಂಪನಿಗಳ ಮೇಲೆ ಕಣ್ಣಿಡುವ ನ್ಯೂಯಾರ್ಕಿನ ಹಣಕಾಸು ಸೇವೆಗಳ ಇಲಾಖೆಯ ಮುಖ್ಯಸ್ಥೆಯಾಗಿದ್ದ ಮರಿಯಾ ವುಲ್ಲೊ, ಬಂದೂಕು ಬೆಂಬಲಿಗರ ಸಂಘ ಎನ್‌ಆರ್‌ಎ ಜೊತೆ ವ್ಯವಹಾರ ಬಿಡುವಂತೆ ವಿಮಾ ಕಂಪನಿಗಳ ಮೇಲೆ ಒತ್ತಡ ಹಾಕಿದರು ಅನ್ನುವುದು ಆರೋಪ. 2018ರಲ್ಲಿ ಪಾರ್ಕ್‌ಲ್ಯಾಂಡ್ ಶಾಲೆಯಲ್ಲಿ 17 ಜನರ ಕೊಲೆಯಾದ ಮೇಲಿನ ದಿನಗಳು ಅವು. ಸತ್ತ ಮಕ್ಕಳ ಫೋಟೊ ನೋಡಿದ ಯಾರಿಗೆ ಎನ್‌ಆರ್‌ಎ ಮೇಲೆ ಸಿಟ್ಟು ಬರುವುದಿಲ್ಲ? ಆದರೂ ಒಂಬತ್ತೂ ನ್ಯಾಯಮೂರ್ತಿಗಳು ಒಂದೇ ಮಾತು ಹೇಳಿದರು. ಆರೋಪ ನಿಜವಾಗಿದ್ದರೆ ಇದು ಸಂವಿಧಾನಕ್ಕೆ ವಿರುದ್ಧ, ತನಗೆ ಹಿಡಿಸದ ಮಾತನ್ನು ಅಡಗಿಸಲು ಸರ್ಕಾರ ಮೂರನೆಯವರ ಕತ್ತು ಹಿಸುಕುವಂತಿಲ್ಲ ಅಂತ. ತೀರ್ಪು ಬರೆದವರು ಒಬಾಮಾ ನೇಮಿಸಿದ ಸೋನಿಯಾ ಸೊಟೊಮೇಯರ್. ಎನ್‌ಆರ್‌ಎ ಪರ ನಿಂತ ವಕೀಲರು ಯಾರ ಕಡೆಯವರು ಅಂದುಕೊಂಡಿರಿ? ಮತ್ತೆ ಅದೇ ಎಸಿಎಲ್‌ಯು. ಎನ್‌ಆರ್‌ಎ ನಿಲುವುಗಳು ತಮಗೆ ಒಪ್ಪಿಗೆ ಇಲ್ಲ ಅಂತ ಹೇಳಿಯೇ ಅವರು ವಾದಿಸಿದರು. ಆ ಕಚೇರಿಯಲ್ಲಿ ಈ ವಿಷಯಕ್ಕೆ ಎಷ್ಟು ಜಗಳ ನಡೆದಿರಬಹುದು ಅಂತ ನಾನು ಆಗಾಗ ಯೋಚಿಸುತ್ತೇನೆ.

ಕಳೆದ ವಾರ ಪತ್ರ ಬರೆದವರಿಗೆ ನನ್ನದೊಂದು ಕೋರಿಕೆ. ಯಾವ ಅಭಿಪ್ರಾಯಕ್ಕೆ ಲೈಸೆನ್ಸ್ ಹೋಗಬೇಕು, ಯಾವುದಕ್ಕೆ ಹೋಗಬಾರದು ಅನ್ನುವ ನಿಯಮವನ್ನು ಒಂದೆರಡು ಸಾಲಿನಲ್ಲಿ ಬರೆಯಲಿ. ಆಮೇಲೆ ಅವರಿಗೆ ಎಲ್ಲರಿಗಿಂತ ಆಗದ ರಾಜಕಾರಣಿ ಯಾರೋ, ಆ ಹೆಸರನ್ನು ಮನಸ್ಸಿನಲ್ಲಿ ಇಟ್ಟುಕೊಂಡು, ಆ ಸಾಲುಗಳನ್ನು ಜಾರಿ ಮಾಡುವವನು ಅವನೇ ಅಂತ ಒಮ್ಮೆ ಓದಿಕೊಳ್ಳಲಿ. ಅದಾದ ಮೇಲೂ ಸರಿ ಅನ್ನಿಸಿದರೆ ಇದೇ ಪುಟಕ್ಕೆ ಕಳಿಸಲಿ. ನಾನು ನಾಲ್ಕೈದು ಸಲ ಬರೆದು ನೋಡಿದೆ, ಆಗಲಿಲ್ಲ.

ಇತಿ,
ನಿಮ್ಮ ಹಳೆಯ ಓದುಗ